ಲೆಕ್ಕಶೀರ್ಷಿಕೆ 4202ರ ಶಾಸಕರು

ಆಯವ್ಯಯವೆಂದರೆ ಸಂವಿಧಾನದ 202ನೇ ವಿಧಿಯ ಪ್ರಕಾರ ರಾಜ್ಯ ಸರ್ಕಾರವು ವರ್ಷಕ್ಕೊಮ್ಮೆ ಶಾಸನಸಭೆಯ ಮುಂದಿಡಬೇಕಾದ ಜಮಾಖರ್ಚಿನ ಅಂದಾಜು. ಅದರಲ್ಲಿ ಸಾಮಾನ್ಯ ಶಿಕ್ಷಣದ ಸಂಬಳ, ಪಠ್ಯಪುಸ್ತಕ, ಸಮವಸ್ತ್ರಗಳಂತಹ ವರ್ಷವರ್ಷವೂ ಕರಗಿಹೋಗುವ ವೆಚ್ಚ 2202 ಎಂಬ ಲೆಕ್ಕಶೀರ್ಷಿಕೆಯಡಿಯೂ, ಕೊಠಡಿ, ಸೂರುಗಳಂತಹ ಕಣ್ಣಿಗೆ ಕಾಣುವ ವೆಚ್ಚ 4202ರ ಅಡಿಯೂ ಬರುತ್ತದೆ. ಅರ್ಥಶಾಸ್ತ್ರಜ್ಞರು ಮೊದಲನೆಯದನ್ನು ರಾಜಸ್ವ ವೆಚ್ಚವೆಂದೂ ಎರಡನೆಯದನ್ನು ಬಂಡವಾಳ ವೆಚ್ಚವೆಂದೂ ವಿಂಗಡಿಸುತ್ತಾರೆ. ಶಾಸಕರ ವಿಂಗಡಣೆ ಇದಕ್ಕಿಂತ ಸರಳವಾದುದು: ಒಂದು ಅಡಿಗಲ್ಲು ಇಡಲಾಗದ ವೆಚ್ಚ, ಇನ್ನೊಂದು ಅಡಿಗಲ್ಲು ಇಡಬಹುದಾದ ವೆಚ್ಚ.

ಇಲ್ಲಿ ಚಿತ್ರಿತರಾಗುವ ಶಾಸಕರು ಒಬ್ಬ ವ್ಯಕ್ತಿಯಲ್ಲ, ಒಂದು ಪಕ್ಷದವರೂ ಅಲ್ಲ. ವಿಧಾನಸಭೆಯ 224 ಕ್ಷೇತ್ರಗಳಲ್ಲಿ ಎಲ್ಲಿ ಬೇಕಾದರೂ ದೊರೆಯುವ ಈ ಮಾದರಿಯನ್ನು ಸಮೀಪದಿಂದ ನೋಡಲು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯಂತಹ ಊರಿನ ಶಾಲೆಯ ಅಂಗಳ ಅನುಕೂಲವಾಗಿದೆ ಎಂಬುದಷ್ಟೇ ಸ್ಥಳನಿರ್ದೇಶನದ ಕಾರಣ. ಪಾಲಕರಿಂದ ರಚಿತವಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಗಣಿತದ ಮೇಷ್ಟ್ರು ಬೇಕೆಂಬ ಮನವಿ ಕೊಟ್ಟಾಗ ಶಾಸಕರು ಅದನ್ನು ಕೊನೆಯವರೆಗೂ ಓದಿ, ಮಡಚಿ ಆಪ್ತ ಸಹಾಯಕರ ಕೈಗಿತ್ತು, "ಮೇಷ್ಟ್ರು ಬಂದೇ ಬರ್ತಾರೆ ಗೌಡ್ರೇ, ಮೊದ್ಲು ಕಾಂಪೌಂಡ್ ಮಾಡ್ಸಾಣ" ಎನ್ನುತ್ತಾರೆ. ಇದನ್ನು ಉಡಾಫೆಯೆಂದು ತಿಳಿಯುವುದು ತಪ್ಪು. ಶಿಕ್ಷಕರ ನೇಮಕಾತಿ ಆರ್ಥಿಕ ಇಲಾಖೆಯ ಸಹಮತಿ, ಮೀಸಲಾತಿ, ಪರೀಕ್ಷೆ, ನ್ಯಾಯಾಲಯಗಳ ದಾರಿಯಲ್ಲಿ ಸಾಗಿ ಬರುವಷ್ಟರಲ್ಲಿ ಐದು ವರ್ಷದ ಅವಧಿ ಮುಗಿದು, ಬಂದ ಮೇಷ್ಟ್ರ ಪುಣ್ಯ ಮುಂದಿನವರ ಖಾತೆಗೆ ಜಮೆಯಾಗಬಹುದು. ಕಾಂಪೌಂಡಾದರೋ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ, ಅಂದರೆ ಪ್ರತಿ ಶಾಸಕರು ವರ್ಷಕ್ಕೆ 2 ಕೋಟಿ ರೂಪಾಯಿವರೆಗಿನ ಕಾಮಗಾರಿಗಳನ್ನು ಸೂಚಿಸಿ ಜಿಲ್ಲಾಧಿಕಾರಿಗಳಿಂದ ಮಂಜೂರು ಮಾಡಿಸಬಹುದಾದ ಹಣದಲ್ಲಿ, ಮುಂದಿನ ಮಳೆಗಾಲದೊಳಗೆ ಎದ್ದು ನಿಲ್ಲುತ್ತದೆ. ಅದರೊಳಗೆ ಕಲಿಯುವ ಮಕ್ಕಳು ಹನ್ನೊಂದೇ ಇದ್ದರೂ ಗೋಡೆಯ ಉದ್ದಕ್ಕೆ ಬಾಧಕವಿಲ್ಲ.

ಕಲ್ಲಿನ ಮೇಲಿನ ಹೆಸರುಗಳ ಕ್ರಮ ಸ್ವತಂತ್ರ ಅಧ್ಯಯನಕ್ಕೆ ಅರ್ಹವಾದ ವಿಷಯ. ಹೊಸನಗರ ಎಂಬ ವಿಧಾನಸಭಾ ಕ್ಷೇತ್ರ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಇಲ್ಲವಾಗಿ, ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳ ನಡುವೆ ಹಂಚಿಹೋದ ಮೇಲೆ, ಅಲ್ಲಿನ ತಾಲ್ಲೂಕು ಮಟ್ಟದ ಕಾರ್ಯಕ್ರಮಕ್ಕೆ ಇಬ್ಬರು ಶಾಸಕರು. ಕ್ಷೇತ್ರ ಶಿಕ್ಷಣಾಧಿಕಾರಿಗಳು ಮಕ್ಕಳ ಹಾಜರಾತಿಯಲ್ಲಿ ಎಡವಿದರೆ ಸಮಜಾಯಿಷಿ ಕೊಡಬಹುದು, ಆಹ್ವಾನ ಪತ್ರಿಕೆಯಲ್ಲಿ ಎಡವಿದರೆ ಹಕ್ಕುಚ್ಯುತಿಯ ಮಾತು ಬರುತ್ತದೆ. ಹಕ್ಕುಚ್ಯುತಿಯೆಂದರೆ ಸದನದ ಸದಸ್ಯರ ವಿಶೇಷಾಧಿಕಾರಕ್ಕೆ ಭಂಗ ತರುವ ಅಪರಾಧ.

ಸದನದೊಳಗೆ ಇದೇ ಶಾಸಕರ ಶಿಕ್ಷಣಪ್ರೇಮ ಬೇರೆ ರೂಪ ತಾಳುತ್ತದೆ. ಇಲಾಖಾವಾರು ಅನುದಾನ ಬೇಡಿಕೆಗಳ ಮೇಲಿನ ಚರ್ಚೆಯಲ್ಲಿ, ವಿರೋಧ ಪಕ್ಷದಲ್ಲಿದ್ದರೆ, ನಿರ್ದಿಷ್ಟ ಕುಂದುಕೊರತೆಯನ್ನು ಎತ್ತಿತೋರಿಸಲು ಬೇಡಿಕೆಯ ಮೊತ್ತದಲ್ಲಿ 100 ರೂಪಾಯಿ ಕಡಿಮೆ ಮಾಡಬೇಕೆನ್ನುವ ಸಾಂಕೇತಿಕ ಕಡಿತ ಸೂಚನೆಯನ್ನು ಅವರು ಮಂಡಿಸಬಹುದು. ಆಡಳಿತ ಪಕ್ಷದಲ್ಲಿದ್ದರೆ ಮುಖ್ಯಮಂತ್ರಿಗಳನ್ನು ಅಭಿನಂದಿಸಬಹುದು. ಎರಡೂ ಸಂದರ್ಭದಲ್ಲಿ ಭಾಷಣವು ಸೋರುವ ಹೆಂಚಿನಿಂದ ಆರಂಭವಾಗಿ, ಮಲೆನಾಡಿನ ಮಳೆಯ ಪ್ರಮಾಣವನ್ನು ಮುಟ್ಟಿ, ಮಳೆಯಿಂದ ಕೊಳೆರೋಗಕ್ಕೂ ಅಲ್ಲಿಂದ ಅಡಿಕೆಯ ಎಲೆಚುಕ್ಕಿ ರೋಗಕ್ಕೂ ಹರಿದು, ಸಭಾಧ್ಯಕ್ಷರು ಗಂಟೆ ಬಾರಿಸುವ ಹೊತ್ತಿಗೆ ಬಗರ್‌ಹುಕುಂ ಜಮೀನಿನಲ್ಲಿ ನಿಂತಿರುತ್ತದೆ. ಅಷ್ಟರಲ್ಲಿ ನಿಗದಿತ ದಿನಗಳು ಮುಗಿದು, ಚರ್ಚೆಯಾಗದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವ, ಗಿಲೋಟಿನ್ ಎಂದು ಕರೆಯಲಾಗುವ ಕ್ರಮದಿಂದ ಸಾವಿರಾರು ಕೋಟಿ ರೂಪಾಯಿ ಕೆಲವೇ ನಿಮಿಷಗಳಲ್ಲಿ ಅಂಗೀಕಾರವಾಗುತ್ತದೆ.

ನಿಜವಾದ ಚೌಕಾಶಿ ನಡೆಯುವುದು ಸದನದ ಹೊರಗೆ. 2025-26ರ ಆಯವ್ಯಯದಲ್ಲಿ ಶಿಕ್ಷಣಕ್ಕೆ 45,286 ಕೋಟಿ ರೂಪಾಯಿ ಒದಗಿಸಲಾಯಿತು. ಈ ಮೊತ್ತದ ಸಿಂಹಪಾಲು ಸಂಬಳಕ್ಕೆ ಮೊದಲೇ ಬರೆದಿಟ್ಟದ್ದಾದ್ದರಿಂದ ಶಾಸಕರ ಕಣ್ಣು ಉಳಿದ ಚೂರಿನ ಮೇಲೆ. ರಾಷ್ಟ್ರೀಯ ಆದಾಯದ ಶೇ. 6 ಭಾಗ ಶಿಕ್ಷಣಕ್ಕೆ ಸಲ್ಲಬೇಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿದ್ದನ್ನು ಅವರು ಭಾಷಣದಲ್ಲಿ ಉಲ್ಲೇಖಿಸುತ್ತಾರಾದರೂ, ಮುಖ್ಯಮಂತ್ರಿಗಳಿಗೆ ಕೊಡುವ ಲೆಟರ್‌ಹೆಡ್‌ನಲ್ಲಿ ಶೇಕಡಾವಾರು ಇರುವುದಿಲ್ಲ, ಎರಡು ಕೊಠಡಿ ಮತ್ತು ಒಂದು ರಂಗಮಂದಿರ ಇರುತ್ತದೆ. ಅದರ ಅಂಚಿನಲ್ಲಿ "ಪರಿಶೀಲಿಸಿ ಮಂಡಿಸಿ" ಎಂಬ ಷರಾ ಬಿದ್ದೊಡನೆ ಕ್ಷೇತ್ರದಲ್ಲಿ ಅಭಿನಂದನೆಯ ಫ್ಲೆಕ್ಸ್ ಏಳುತ್ತದೆ. ಕಡತವು ಆರ್ಥಿಕ ಇಲಾಖೆಯನ್ನು ತಲುಪುವುದರೊಳಗೆ ಫ್ಲೆಕ್ಸಿನ ಬಣ್ಣ ಮಳೆಗೆ ಮಾಸಿರುತ್ತದೆ.

ಕಟ್ಟಡದ ಮೇಲಿನ ಈ ಮೋಹವನ್ನು ಪೂರ್ತಿಯಾಗಿ ಗೇಲಿ ಮಾಡುವುದು ಮಲೆನಾಡಿನ ಮಟ್ಟಿಗೆ ನ್ಯಾಯವಲ್ಲ. ಅಡಿಕೆ ಮರದ ದಬ್ಬೆ ಹಾಸಿದ ಕಾಲುಸಂಕದ ಮೇಲೆ, ಆಷಾಢದ ಹಳ್ಳ ದಾಟಿ ಶಾಲೆಗೆ ಬರುವ ಮಗುವಿಗೆ ಪಾಠಕ್ಕಿಂತ ಮೊದಲು ಬೇಕಾದದ್ದು ಕಾಂಕ್ರೀಟು; 'ಶಾಲಾ ಸಂಪರ್ಕ ಸೇತು' ಯೋಜನೆಯಲ್ಲಿ ಕಟ್ಟಿದ ಕಿರುಸೇತುವೆಗಳು ಶಿಕ್ಷಣಕ್ಕೆ ಸಂದ ಸೇವೆಯೇ, ಅವು ಲೋಕೋಪಯೋಗಿ ಇಲಾಖೆಯ ಲೆಕ್ಕದಲ್ಲಿದ್ದರೂ. 2013ರಿಂದ 2016ರವರೆಗೆ ತೀರ್ಥಹಳ್ಳಿಯ ಕಿಮ್ಮನೆ ರತ್ನಾಕರ, 2023ರಿಂದ ಸೊರಬದ ಮಧು ಬಂಗಾರಪ್ಪ ಶಾಲಾ ಶಿಕ್ಷಣದ ಖಾತೆ ವಹಿಸಿದ್ದರಿಂದ, ಮಂತ್ರಿಗಳು ನಮ್ಮ ಜಿಲ್ಲೆಯವರೇ ಎಂಬ ಧೈರ್ಯದ ಮೇಲೆ ಇಲ್ಲಿನ ಮನವಿಗಳು ಇನ್ನಷ್ಟು ಉದ್ದವಾದದ್ದೂ ಸಹಜವೇ.

ಗಣಿತದ ಮೇಷ್ಟ್ರ ಜಾಗಕ್ಕೆ, ಈ ನಡುವೆ, ಅತಿಥಿ ಶಿಕ್ಷಕರೊಬ್ಬರು ಬಂದಿರುತ್ತಾರೆ; ಶೈಕ್ಷಣಿಕ ವರ್ಷದ ಮಟ್ಟಿಗೆ ಗೌರವಧನದ ಮೇಲೆ ತಾತ್ಕಾಲಿಕವಾಗಿ ದುಡಿಯುವವರಿಗೆ ಈ ಹೆಸರು. ಆ ಗೌರವಧನ 2202ರ ಕಡೆಯ ವೆಚ್ಚವಾದ್ದರಿಂದ ಮೂರು ತಿಂಗಳ ಬಾಕಿಯಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಷರ ಮುದ್ದಾಗಿರುವುದರಿಂದ ಕಾಂಪೌಂಡಿನ ಕಲ್ಲಿಗೆ ಹೆಸರುಗಳ ಕರಡು ಬರೆದುಕೊಡುವ ಕೆಲಸ ಸಾಮಾನ್ಯವಾಗಿ ಅವರ ಪಾಲಿಗೇ ಬರುತ್ತದೆ, ಉದ್ಘಾಟನೆಯ ನಿರೂಪಣೆಯೂ.