ಎರಡನೇ ಸಾಲಿನ ರಾಯರು

ಬೆಂಗಳೂರಿನ ಯಾವ ಹಳೆಯ ಬಡಾವಣೆಗಾದರೂ ಹೋಗಿ, ಅಲ್ಲೊಂದು ಸುಗಮ ಸಂಗೀತದ ತಂಡ ಇದ್ದೇ ಇರುತ್ತದೆ. ತಂಡ ಇದ್ದ ಮೇಲೆ ಅದರ ಎರಡನೇ ಸಾಲಿನಲ್ಲಿ ಒಬ್ಬ ರಾಯರೂ ಇದ್ದೇ ಇರುತ್ತಾರೆ. ಕೆನೆಬಣ್ಣದ ಜುಬ್ಬ, ಹೆಗಲ ಮೇಲೆ ಹಳದಿ-ಕೆಂಪು ಶಲ್ಯ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನ ಮಾಡಿದ ಹಾಡಿನ ಹಾಳೆಗಳು. ಬ್ಯಾಂಕಿನಿಂದಲೋ ಎ.ಜಿ. ಆಫೀಸಿನಿಂದಲೋ ನಿವೃತ್ತರು. ಮೊದಲನೇ ಸಾಲು ಹೆಂಗಸರದು. ಒಂದೇ ಬಣ್ಣದ ಸೀರೆ ಉಟ್ಟಿದ್ದು ಸಾರ್ಥಕವಾಗಬೇಕಲ್ಲ! ಮೂರನೆಯದು ಉದ್ದುದ್ದ ಬೆಳೆದ ಹುಡುಗರದು. ನಡುವಿನ ಸಾಲು ರಾಯರಂಥವರಿಗೆ ಹೇಳಿ ಮಾಡಿಸಿದ್ದು. ಅಲ್ಲಿ ನಿಂತರೆ ಸಭಿಕರಿಗೆ ಮುಖ ಕಾಣುತ್ತದೆ, ಮೈಕಿಗೆ ದನಿ ಸಿಗುವುದಿಲ್ಲ.

ರಾಯರಿಗೆ ಹಾಡಲು ಬರುವುದಿಲ್ಲ ಎಂದರೆ ಅನ್ಯಾಯವಾದೀತು. ಒಬ್ಬರೇ ಹಾಡಲು ಬರುವುದಿಲ್ಲ, ಅಷ್ಟೆ. ಹೆಣ್ಣು ನೋಡಲು ಹೋದ ದಿನ ಹುಡುಗಿ ಹಾಡಿ ಮುಗಿಸಿದ ಮೇಲೆ, ಯಾರೂ ಕೇಳದಿದ್ದರೂ ತಾವೊಂದು ದೇವರನಾಮ ಎತ್ತಿಕೊಂಡರಂತೆ. “ಜಾತಕ ಅಷ್ಟು ಚೆನ್ನಾಗಿ ಕೂಡಿರದಿದ್ದರೆ ನಮ್ಮಪ್ಪ ಒಪ್ಪುತ್ತಲೇ ಇರಲಿಲ್ಲ” ಎಂದು ಅವರ ಮನೆಯವರು ಈಗಲೂ ಹೇಳುತ್ತಾರೆ.

ಭಾನುವಾರ ಸಂಜೆ ರಾಮಮಂದಿರದ ಮಹಡಿಯ ಮೇಲೆ ಅಭ್ಯಾಸ. ಕಲಿಸುವ ಮೇಡಂ ರಾಯರ ಮಗಳಿಗಿಂತ ಚಿಕ್ಕವರು. ಮೊದಲ ಜಗಳ ಶ್ರುತಿಯದು. ಗಂಡಸರಿಗೆ ಒಂದು ಮನೆ ಹಿತ, ಹೆಂಗಸರಿಗೆ ಐದು ಮನೆ. ಎಲ್ಲರೂ ಕೂಡಿ ಹಾಡಬೇಕಾದರೆ ನಡುವೆ ಎಲ್ಲೋ ರಾಜಿಯಾಗಬೇಕು. ರಾಜಿಯಾದರೆ ಹೆಂಗಸರಿಗೆ ಕೆಳಗಿನ ಸ್ವರ ಸಿಗದು, ಗಂಡಸರಿಗೆ ಮೇಲಿನದು ಎಟುಕದು. ರಾಯರು ಮಾತ್ರ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಘಾಟಿ ಶುರುವಾಗುವಲ್ಲಿ ಬಸ್ಸಿನಿಂದ ಇಳಿದು, ಕಾಲುದಾರಿ ಹಿಡಿದು, ಮೇಲೆ ಮತ್ತೆ ಅದೇ ಬಸ್ಸು ಹತ್ತುವ ಪ್ರಯಾಣಿಕರ ಹಾಗೆ, ಹಾಡು ತಾರಸ್ಥಾಯಿಗೆ ಏರುವಾಗ ಮೆಲ್ಲಗೆ ಮಂದ್ರಕ್ಕೆ ಇಳಿದು, ಪಲ್ಲವಿಯ ಹೊತ್ತಿಗೆ ಎಲ್ಲರನ್ನೂ ಕೂಡಿಕೊಳ್ಳುತ್ತಾರೆ.

ಒಮ್ಮೆ ಮೇಡಂ ಇದನ್ನು ಹಿಡಿದರು. ರಾಯರು ತಯಾರಾಗಿಯೇ ಇದ್ದರು. “ಚರ್ಚಿನ ಕ್ವಾಯರ್ ನೋಡಿ ಮೇಡಂ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಅಂತ ನಾಲ್ಕು ಪಾಲು ಇರುತ್ತೆ. ನಾನು ಹಾಡಿದ್ದು ಬಾಸ್.”

“ಸರ್, ಅಲ್ಲಿ ಬಾಸ್ ಹಾಡೋರಿಗೂ ಸ್ವರ ಬರೆದು ಕೊಟ್ಟಿರ್ತಾರೆ” ಎಂದರು ಮೇಡಂ.

ಎರಡನೆಯ ಪಾಠ ಉಸಿರಿನದು. ಉದ್ದನೆಯ ಕಾರ್ವೆಯನ್ನು ಒಬ್ಬರ ಉಸಿರಿನಲ್ಲಿ ಹಿಡಿಯಲಾಗದು; ಹಾಗೆಂದು ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಹಾಡಿನ ನಡುವೆ ಗುಂಡಿ ಬೀಳುತ್ತದೆ. “ಪಕ್ಕದವರು ಉಸಿರು ತಗೊಳ್ಳೋವಾಗ ನೀವು ಹಿಡಿದಿರಿ, ನೀವು ತಗೊಳ್ಳೋವಾಗ ಅವರು ಹಿಡೀತಾರೆ” ಎನ್ನುತ್ತಾರೆ ಮೇಡಂ. ಆಫೀಸಿನಲ್ಲಿ ಯಾರ ಮಾತನ್ನೂ ಪೂರ್ತಿ ಕೇಳದೆ ಪ್ರಮೋಷನ್ ಪಡೆದ ರಾಯರಿಗೆ ಪಕ್ಕದವರ ಉಸಿರಿಗೂ ಕಿವಿಗೊಡುವ ಕೆಲಸ ಬಂತು. ಕಲಿತರು ಎನ್ನಬೇಕು. ಈಗ ಹೆಂಡತಿ ಮಾತಾಡುವಾಗ ನಡುವೆ ಬಾಯಿ ಹಾಕುವುದಿಲ್ಲವಂತೆ. ಆಕೆ ಉಸಿರು ತೆಗೆದುಕೊಳ್ಳುವವರೆಗೂ ಕಾಯುತ್ತಾರಂತೆ.

ಇಷ್ಟೆಲ್ಲ ಪಾಡು ಯಾಕೆ ಎಂದು ಯಾರಾದರೂ ಕೇಳಿದರೆ ರಾಯರ ಮೊಬೈಲು ಹೊರಬರುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ಹದಿಹರೆಯದವರನ್ನು ಕೂರಿಸಿ ಹಾಡಿಸಿ ಪರೀಕ್ಷೆ ಮಾಡಿದ್ದರು. ಹಾಡಿನ ಸಾಲು ಎಲ್ಲರ ಉಸಿರನ್ನೂ ಒಂದೇ ಅಳತೆಗೆ ತರುವುದರಿಂದ ಎದೆಬಡಿತವೂ ಕೂಡಿಯೇ ಏರಿ ಕೂಡಿಯೇ ಇಳಿಯುತ್ತದೆ ಎಂದು ಕಂಡುಬಂತು. “ನೋಡಿ, ನಮ್ಮ ತಂಡದಲ್ಲಿ ತಾಳ ಕೂಡದೇ ಇರಬಹುದು, ಎದೆಬಡಿತ ಕೂಡುತ್ತೆ” ಎಂದು ರಾಯರ ಭಾಷ್ಯ. ಇಂಗ್ಲೆಂಡಿನಲ್ಲಿ ವಯಸ್ಕರ ತರಗತಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಅವರ ಬಳಿ ಇದೆ. ಕರಕುಶಲ ಕಲೆ, ಕಥೆ-ಕವನ ಕಲಿಯಲು ಬಂದವರಿಗಿಂತ ಹಾಡಲು ಬಂದವರು ಬೇಗ ಸ್ನೇಹಿತರಾದರಂತೆ. ಕೆಲವು ತಿಂಗಳಲ್ಲಿ ಉಳಿದ ತರಗತಿಯವರೂ ಅಷ್ಟೇ ಹತ್ತಿರವಾದರು ಎಂಬ ಸಾಲನ್ನು ಮಾತ್ರ ರಾಯರು ಫಾರ್ವರ್ಡ್ ಮಾಡುವುದಿಲ್ಲ.

ನವೆಂಬರ್ ಬಂತೆಂದರೆ ರಾಯರನ್ನು ಹಿಡಿಯುವವರಿಲ್ಲ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವಿಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಗೊತ್ತುಮಾಡಿತಲ್ಲ, ಅಂದಿನಿಂದ ರಾಯರು ಗಡಿಯಾರ ನೋಡುತ್ತಲೇ ಹಾಡುತ್ತಾರೆ. ತಂಡ ಸರಿಯಾಗಿ ಎರಡೂವರೆ ನಿಮಿಷಕ್ಕೆ ಮುಗಿಸುತ್ತದೆ. ರಾಯರಿಗೆ ಇನ್ನೂ ಮೂರು ಸೆಕೆಂಡು ಬೇಕು. ಅದೇ ವರ್ಷ ಅಕ್ಟೋಬರ್ 28ರಂದು ನಾಡಿನಾದ್ಯಂತ ಕೋಟಿ ಕಂಠ ಗಾಯನ ನಡೆದಾಗ ಬಡಾವಣೆಯ ಪಾರ್ಕಿನಲ್ಲಿ ನಿಂತು ಆರೂ ಹಾಡು ಹಾಡಿದ್ದರು. ಮನೆಯಲ್ಲಿ ಅಂದಿನಿಂದ ಅವರ ಹೆಸರು ‘ಕೋಟಿಗೊಬ್ಬ’.

ಇಂಥವರನ್ನು ತಂಡದಲ್ಲಿ ಯಾಕೆ ಇಟ್ಟುಕೊಂಡಿದ್ದಾರೆ ಎಂದು ನೀವು ಕೇಳಬಹುದು. ಉಪ್ಪಿಟ್ಟು-ಕೇಸರಿಬಾತಿನ ಖರ್ಚು ನೋಡಿಕೊಳ್ಳುತ್ತಾರೆ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಮೂರನೇ ಸಾಲಿನಲ್ಲಿದೆ. ಅಲ್ಲೊಬ್ಬ ಒಂಬತ್ತನೇ ಕ್ಲಾಸಿನ ಹುಡುಗ. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಗೆದ್ದವನು. ಈ ವರ್ಷ ಗಂಟಲು ಒಡೆಯಿತು. ‘ಸಾ’ ಅಂದರೆ ಒಮ್ಮೆ ಮಗು, ಒಮ್ಮೆ ಮಾವ. ಸ್ಕೂಲಿನಲ್ಲಿ ಎಲ್ಲರೂ ನಗತೊಡಗಿದ ಮೇಲೆ ಹಾಡುವುದನ್ನೇ ಬಿಟ್ಟಿದ್ದ. ತಾಯಿ ಎಳೆದುಕೊಂಡು ಬಂದು ಅಭ್ಯಾಸಕ್ಕೆ ಬಿಟ್ಟ ದಿನ ಬಾಗಿಲ ಬಳಿಯೇ ನಿಂತಿದ್ದ. ರಾಯರು ಕರೆದು, “ಬಾರೋ ಮರಿ, ನನ್ನ ಹಿಂದೆ ನಿಂತ್ಕೋ. ನೀನು ಎಷ್ಟು ತಪ್ಪಿದರೂ ಜನ ನಂದೇ ಅಂದ್ಕೋತಾರೆ” ಎಂದರು. ಹುಡುಗ ಆವತ್ತೇ ಬಾಯಿ ಬಿಟ್ಟ. ಒಬ್ಬನೇ ಹಾಡಿದ್ದರೆ ಆ ವರ್ಷವೇ ನಿಂತುಹೋಗುತ್ತಿದ್ದ ಹಾಡು, ನಲವತ್ತು ಜನರ ನಡುವೆ ಉಳಿದುಕೊಂಡಿತು.

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ವೇದಿಕೆಯ ಮೇಲೆ ನಲವತ್ತು ಜನ, ಕೆಳಗೆ ಅವರ ಮನೆಯವರು. ಹಾಡು ಮೇಲಕ್ಕೇರಿದಾಗ ಹಿಂದಿನಿಂದ ಒಂದು ಸ್ವರ ಯಾರ ಅಂಕೆಗೂ ಸಿಗದೆ ಹಾರಿಹೋಯಿತು. ಮೇಡಂ ತಿರುಗಿ ರಾಯರನ್ನೇ ನೋಡಿದರು. ರಾಯರು ಹಾಡುತ್ತಲೇ ಎದೆಯ ಮೇಲೆ ಕೈಯಿಟ್ಟು ತಪ್ಪೊಪ್ಪಿಕೊಂಡರು. ಎಂಥ ದೊಡ್ಡ ಮನಸ್ಸು ಎಂದು ನನ್ನ ಕಣ್ಣು ತುಂಬಿ ಬಂತು.

ಕಾಫಿಯ ಹೊತ್ತಿಗೆ ಹುಡುಗನನ್ನು ಪಕ್ಕಕ್ಕೆ ಕರೆದು, “ರಾಯರು ನಿನ್ನನ್ನ ಉಳಿಸಿದರು ಕಣೋ” ಎಂದೆ.

“ಇಲ್ಲ ಅಂಕಲ್” ಎಂದ ಹುಡುಗ, “ಆ ಜಾಗದಲ್ಲಿ ನಾನು ಉಸಿರು ತಗೋತಿದ್ದೆ.”