ಕಣ್ಣಳತೆ ಅಜ್ಜಿ

ನಮ್ಮ ಸಾಗರ-ಸಿರಸಿ ಕಡೆ ಮನೆಗೊಬ್ಬಳು ಕಣ್ಣಳತೆ ಅಜ್ಜಿ ಇರುತ್ತಾಳೆ. ಅವಳ ಅಡುಗೆಮನೆಯಲ್ಲಿ ತಕ್ಕಡಿ ಇಲ್ಲ. ಗಡಿಯಾರ ಇದ್ದರೂ ನಿಂತಿರುತ್ತದೆ. ಉಪ್ಪು ಹಿಡಿ, ಬೆಲ್ಲ ಅಡಿಕೆ ಗಾತ್ರ, ಕುದಿಯುವ ಹೊತ್ತು ಒಂದು ಕವಳ ಹಾಕಿ ಮುಗಿಸುವಷ್ಟು. ಹುಣಸೆಹಣ್ಣು ನಿಂಬೆ ಗಾತ್ರ. "ಸಣ್ಣ ನಿಂಬೆಯೋ ಗಜನಿಂಬೆಯೋ?" ಎಂದು ಕೇಳಿದವನನ್ನು ಆಮೇಲೆ ಊಟಕ್ಕಷ್ಟೇ ಕರೆಯುತ್ತಾರೆ, ಅಡುಗೆಮನೆಗಲ್ಲ.

ಅಂಥ ನನ್ನಜ್ಜಿಯ ಬಳಿ ಅಪ್ಪೆಮಿಡಿ ಉಪ್ಪಿನಕಾಯಿ ಕಲಿಯಲೆಂದು ಬೆಂಗಳೂರಿನಿಂದ ಡಿಜಿಟಲ್ ತಕ್ಕಡಿ ಹೊತ್ತುಕೊಂಡೇ ಹೋದೆ.

"ಉಪ್ಪು ಎಷ್ಟಜ್ಜಿ?"

"ಬೇಕಾದಷ್ಟು."

"ಬೇಕಾದಷ್ಟು ಅಂದ್ರೆ?"

"ಸಾಕಾಗುವಷ್ಟು."

"ಎಷ್ಟು ದಿನ ಉಪ್ಪಿನಲ್ಲಿ ಇಡಬೇಕು?"

"ಮಿಡಿ ಚಿರುಟುವವರೆಗೆ ತಮಾ. ಅದಕ್ಕೆ ತಾರೀಖು ಗೊತ್ತಿರ್ತದಾ?"

ಉಪಾಯ ಮಾಡಿದೆ. ಅವಳು ಹಿಡಿದ ಕಲ್ಲುಪ್ಪನ್ನು ಭರಣಿಗೆ ಬೀಳುವ ಮೊದಲೇ ತಕ್ಕಡಿಗೆ ಹಾಕಿಸಿದೆ. ಮೊದಲ ಹಿಡಿ 46 ಗ್ರಾಂ. ಎರಡನೆಯದೂ 46. ಮೂರನೆಯದು 47. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ ತೀರ್ಪು ಕೊಟ್ಟಳು: "ನಿನ್ನ ಮಿಷನ್ ಸರಿ ಇಲ್ಲೆ."

ಎಂಭತ್ತು ದಾಟಿದರೂ ಅವಳಿಗೆ ಮಿಡಿಯ ಜಾತಕ ಬಾಯಿಪಾಠ. ನೆಲಕ್ಕೆ ಬಿದ್ದ ಮಿಡಿ ಬೇಡ, ಪೆಟ್ಟಾದದ್ದು ಭರಣಿಯಲ್ಲಿ ಮೆತ್ತಗಾಗುತ್ತದೆ. ತೊಟ್ಟು ಬುಡಮಟ್ಟ ಮುರಿದರೆ ಸೊನೆ ಸೋರಿಹೋಗುತ್ತದೆ, ಪರಿಮಳ ಇರುವುದೇ ಸೊನೆಯಲ್ಲಿ. ಮಿಡಿ ಬಿಟ್ಟ ಉಪ್ಪುನೀರನ್ನು ಚೆಲ್ಲಬಾರದು, ಕುದಿಸಿ ಆರಿಸಿ ಸಾಸಿವೆ-ಮೆಣಸು ಅರೆಯುವುದಕ್ಕೆ ಅದೇ ಬೇಕು. ಇದನ್ನೆಲ್ಲ ಅವಳು ಹೇಳುತ್ತಿದ್ದಾಗ ನಾನು ಗ್ರಾಂ ಬರೆದುಕೊಳ್ಳುತ್ತಿದ್ದೆ. ನಮ್ಮ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಜ್ಜಿಯ ಹಿಡಿಗೆ ಇನ್ನೂ ಯಾರೂ ಅರ್ಜಿ ಹಾಕಿಲ್ಲ.

ಬೆಂಗಳೂರಿಗೆ ಬಂದು ಬರೆದುಕೊಂಡಂತೆ ಗ್ರಾಂ ತಪ್ಪದೆ ಹಾಕಿದೆ. ತಿಂಗಳಿಗೆ ಭರಣಿಯ ಮೇಲೆ ಬಿಳಿ ಬೂಷ್ಟು. ಫೋನ್ ಮಾಡಿದೆ.

"ಭರಣಿ ಒಣಗಿತ್ತಾ?"

"ಚೆನ್ನಾಗಿ ಒರೆಸಿದ್ದೆ."

"ಒರೆಸಿದ್ದು ಬೇರೆ, ಒಣಗಿದ್ದು ಬೇರೆ. ನಾನು ಎರಡು ದಿನ ಬಿಸಿಲಿಗೆ ಇಟ್ಟಿದ್ದು ಕಾಣಲಿಲ್ವಾ?"

"ಮೊದಲೇ ಹೇಳಬಾರದಿತ್ತಾ ಅಜ್ಜಿ?"

"ಅಂಗಳದಲ್ಲೇ ಇತ್ತಲ್ಲ ತಮಾ, ನೀನೇ ಎರಡು ಸಲ ಎಡವಿದ್ದು."

ಆದ್ದರಿಂದ ಓದುಗರೇ, ನಿಮ್ಮ ಮನೆಯ ಕಣ್ಣಳತೆ ಅಜ್ಜಿಯ ಬಳಿ ಎಷ್ಟು ಎಂದು ಕೇಳುತ್ತಾ ಕೂರಬೇಡಿ. ಒಂದು ಮಣೆ ಎಳೆದುಕೊಂಡು ಪಕ್ಕದಲ್ಲಿ ಕುಳಿತು ಅವಳ ಕೈ ನೋಡಿ. ಮಿಡಿಯ ಕಾಲ ಬೇಸಿಗೆ ಕಾಲಿಡುವಾಗಲೇ ಶುರುವಾಗುತ್ತದೆ. ರಜೆ ಈಗಲೇ ಬರೆದಿಡಿ. ತಕ್ಕಡಿ ಬೇಡ.