ಎರಡು ಮರಿಗೆ ಮೂರು ಕೊಟೇಶನ್

ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು ಬೆಂಗಳೂರಿನ ಯಾವ ಬಡಾವಣೆಯಲ್ಲಿ ಹುಡುಕಿದರೂ ಒಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಶರ್ಟಿನ ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಮಿಕ್ಸಿ ಸುಟ್ಟುಹೋಗಿ ಎಷ್ಟೋ ವರ್ಷವಾಗಿದ್ದರೂ ಅದರ ಗ್ಯಾರಂಟಿ ಕಾರ್ಡು ಫೈಲಿನಲ್ಲಿ ಭದ್ರ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಮೂರು ಗಾಡಿಯವರ ದರ ಕೇಳಿ, ಕೊನೆಗೆ ಮೊದಲನೆಯವನ ಹತ್ತಿರವೇ ವಾಪಸು ಬರುತ್ತಾರೆ. ಅಷ್ಟು ಹೊತ್ತಿಗೆ ಅವನು ಮುಂದಿನ ಬೀದಿ ಸೇರಿರುತ್ತಾನೆ. ಈ ಬಗೆಯವರನ್ನೆಲ್ಲ ನಾನು ಸ್ಟೋರ್ಸ್ ರಾಯರು ಎಂದೇ ಕರೆಯುವುದು. ಅವರ ಮನೆಯಲ್ಲಿ ಮದುವೆಯಾದರೆ ಛತ್ರದವರು ಸುಸ್ತಾಗುತ್ತಾರೆ. ಗೋಡೆಗೆ ಬಣ್ಣ ಹೊಡೆಸಿದರೆ ಪೇಂಟರು ಊರು ಬಿಡುತ್ತಾನೆ. ನಮ್ಮ ಮೇಲಿನ ಮಹಡಿಯ ಸ್ಟೋರ್ಸ್ ರಾಯರ ಮನೆಗೆ ಬೆಕ್ಕಿನ ಮರಿಗಳು ಬರುತ್ತವೆ ಎಂಬ ಸುದ್ದಿ ಕೇಳಿದಾಗ ನನಗೆ ಮರಿಗಳ ಮೇಲೆ ಕನಿಕರ ಹುಟ್ಟಿದ್ದು ಅದಕ್ಕೇ.

ಅವರ ಮಗಳು ಮನೆಯಿಂದಲೇ ಕೆಲಸ ಮಾಡುವ ಹುಡುಗಿ. "ಅಪ್ಪಾ, ಬಸವನಗುಡಿಯಲ್ಲಿ ಒಬ್ಬರ ಮನೆ ಬೆಕ್ಕು ಮರಿ ಹಾಕಿದೆ. ಎರಡು ಮರಿ ತರ್ತೀನಿ" ಎಂದಳು. ಬೇರೆ ಅಪ್ಪಂದಿರು ಬೇಡ ಎನ್ನುತ್ತಾರೆ, ಇಲ್ಲವೇ ಕೇಳಿಸದವರಂತೆ ಪೇಪರು ಮಗುಚುತ್ತಾರೆ. ರಾಯರು ಕನ್ನಡಕ ಮೇಲಕ್ಕೇರಿಸಿ ಕೇಳಿದರು:

"ಡೆಲಿವರಿ ಯಾವಾಗ?"

"ಡೆಲಿವರಿ ಆಯ್ತಲ್ಲಪ್ಪಾ, ಹೋದ ವಾರಾನೇ."

"ಬೆಕ್ಕಿಂದಲ್ಲಮ್ಮಾ. ನಮಗೆ."

ಮರಿಗಳು ಕಡೇಪಕ್ಷ 8 ವಾರ ತಾಯಿಯ ಹತ್ತಿರ ಇರಬೇಕು, 12 ವಾರ ಇದ್ದರೆ ಇನ್ನೂ ಒಳ್ಳೆಯದು ಎಂದು ಮಗಳು ವಿವರಿಸಿದಳು. ಕಚ್ಚುವುದರಲ್ಲಿ ಎಷ್ಟು ಆಟ, ಎಷ್ಟು ನೋವು ಎಂಬ ಪಾಠವನ್ನು ತಾಯಿ ಮತ್ತು ಒಡಹುಟ್ಟುಗಳು ಕಲಿಸುವುದು ಆ ಅವಧಿಯಲ್ಲೇ. ರಾಯರ ಮುಖ ಅರಳಿತು. ಇಷ್ಟು ಉದಾರವಾದ ಲೀಡ್ ಟೈಮ್ ಅವರಿಗೆ ನೌಕರಿಯಲ್ಲಿದ್ದಾಗ ಒಮ್ಮೆಯೂ ಸಿಕ್ಕಿರಲಿಲ್ಲವಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಆದರೆ ಗಾದೆ ಕಟ್ಟಿದವರು ಒಂದು ಕುಲಾವಿಗೇ ತೃಪ್ತರಾದರು; ರಾಯರು ಕುಲಾವಿಗೂ ಮೂರು ಕೊಟೇಶನ್ ತರಿಸುವವರು.

ಉದ್ದನೆಯ ಲೆಡ್ಜರು ಹೊರಬಂತು. ಕ್ರಮಸಂಖ್ಯೆ, ವಸ್ತುವಿನ ವಿವರ, ಪ್ರಮಾಣ, ದರ, ಷರಾ. ಮೊದಲ ಕ್ರಮಸಂಖ್ಯೆಯಲ್ಲೇ ಮನೆ ಎರಡು ಹೋಳಾಯಿತು. ಅದು ಮರಿಗಳ ಪಾಯಿಖಾನೆ.

ಬೆಕ್ಕು ಸಾಕುವವರು ಹೇಳುವ ಲೆಕ್ಕವೊಂದಿದೆ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಟ್ರೇ ಹೆಚ್ಚು. ಎರಡು ಬೆಕ್ಕಿಗೆ ಮೂರು ಟ್ರೇ. ಊಟದ ತಟ್ಟೆಯ ಹತ್ತಿರ ಇಡಕೂಡದು, ವಾಷಿಂಗ್ ಮೆಷಿನ್ನಿನಂಥ ಸದ್ದಿನ ಪಕ್ಕ ಕೂಡದು, ಮೂರನ್ನೂ ಸಾಲಾಗಿ ಜೋಡಿಸಿದರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಮರಿ ಹತ್ತಿಳಿಯಬೇಕಾದ್ದರಿಂದ ಅಂಚು ತಗ್ಗಾಗಿರಬೇಕು. ಎರಡು ಬೆಡ್‌ರೂಮಿನ ಮನೆ, ಮನುಷ್ಯರಿಗೇ ಎರಡು ಬಚ್ಚಲು. ರಾಯರು ಮನೆಯ ನಕ್ಷೆ ಬರೆದು ಕೆಂಪು ಪೆನ್ನಿನಲ್ಲಿ ಮೂರು ಚೌಕ ಗುರುತಿಸಿದರು. ಮೂರನೆಯ ಚೌಕ ದೇವರ ಮನೆಯ ಗೋಡೆಗೆ ತಾಗಿತ್ತು.

"ರೀ, ಗೋಡೆ ಆ ಕಡೆ ಯಾರಿದ್ದಾರೆ ಗೊತ್ತಾ?" ಎಂದರು ರಾಯರ ಹೆಂಡತಿ.

"ಗೊತ್ತು ಕಣೇ. ಮಧ್ಯೆ ಒಂಬತ್ತಿಂಚು ಗೋಡೆ ಇದೆಯಲ್ಲ."

ಒಂಬತ್ತಿಂಚು ದೇವರಿಗೆ ಸಾಕೇ ಎಂಬ ಪ್ರಶ್ನೆ ಸಂಜೆಯವರೆಗೂ ನಡೆಯಿತು. ಟ್ರೇ ಕೊನೆಗೆ ರಾಯರ ಮಂಚದ ಪಕ್ಕಕ್ಕೆ ಬಂತು.

ಟ್ರೇಗೆ ತುಂಬುವ ಮಣ್ಣಿನ ವಿಚಾರ ಇನ್ನೂ ದೊಡ್ಡದು. ರಾಯರು ಯಾವ ವಸ್ತುವನ್ನೂ ಅದರ ಪೂರ್ವೋತ್ತರ ತಿಳಿಯದೆ ಕೊಳ್ಳುವವರಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1947ರ ಚಳಿಗಾಲದಲ್ಲಿ ಪಕ್ಕದ ಮನೆಯಾಕೆ ಬೆಕ್ಕಿನ ಡಬ್ಬಿಗೆ ಮರಳು ಕೇಳಿ ಬಂದಳು, ಅವಳ ಮನೆಯ ಮರಳು ಹೆಪ್ಪುಗಟ್ಟಿತ್ತು. ಎಡ್ವರ್ಡ್ ಲೋ ಎಂಬಾತ ತನ್ನಲ್ಲಿದ್ದ ಹೀರುವ ಜೇಡಿಯನ್ನು ಕೊಟ್ಟ, ಆಮೇಲೆ ಅದನ್ನೇ ಚೀಲ ಕಟ್ಟಿ ಮಾರಿ ಶ್ರೀಮಂತನಾದ. ಇದನ್ನು ರಾಯರು ನಮ್ಮ ಲಿಫ್ಟಿನಲ್ಲಿ ಹತ್ತಿದವರಿಗೆಲ್ಲ ಹೇಳಿದರು. ಆ ಜೇಡಿಯೇ ನಮ್ಮ ಮುಲ್ತಾನಿ ಮಿಟ್ಟಿ ಎಂದು ಹೆಂಡತಿಯ ಎದುರು ಹೇಳಿದ್ದು ಮಾತ್ರ ಅನಗತ್ಯವಾಗಿತ್ತು. ಆಕೆ ಶುಕ್ರವಾರ ಶುಕ್ರವಾರ ಅದನ್ನು ಮುಖಕ್ಕೆ ಹಚ್ಚಿಕೊಳ್ಳುತ್ತಾರೆ.

ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ರಾಯರ ತಾಯಿ ಇದನ್ನೆಲ್ಲ ಜಗುಲಿಯ ಬದಲಿಗೆ ಸೋಫಾದ ಮೇಲೆ ಕೂತು ನೋಡುತ್ತಿದ್ದರು. "ಎಂತಕ್ಕೆ ಮಾರಾಯ ದುಡ್ಡು ಕೊಟ್ಟು ಮಣ್ಣು ತರೂದು? ನಮ್ಮನೇಲಿ ಬಚ್ಚಲೊಲೆ ಬೂದಿಗುಡ್ಡೆ ಇತ್ತು. ಅದರಷ್ಟಕ್ಕೆ ಅದು ಹೋಗಿ ಬರ್ತಿತ್ತು" ಎಂದರು. ಅಜ್ಜಿಯ ಅನುಭವದಲ್ಲಿ ಬೆಕ್ಕನ್ನು ಯಾರೂ ತರುವುದಿಲ್ಲ, ಅದು ಬರುತ್ತದೆ. ಭತ್ತದ ಪಣತದ ಹತ್ತಿರ ಇಲಿ ಹಿಡಿಯುತ್ತದೆ, ಒಲೆಯ ಬೂದಿಯಲ್ಲಿ ಬೆಚ್ಚಗೆ ಮಲಗುತ್ತದೆ, ಹಾಲಿನ ಪಾತ್ರೆಗೆ ಬಾಯಿ ಹಾಕಿದರೆ ಏಟು ತಿನ್ನುತ್ತದೆ. ಅದಕ್ಕೆ ಹೆಸರೂ ಇರುವುದಿಲ್ಲ.

ರಾಯರು ಮೂರು ಕೊಟೇಶನ್ ಹೋಲಿಸಿ ಕಡಿಮೆ ದರದ್ದನ್ನು ಆರಿಸಿದರು. ಅವರ ಭಾಷೆಯಲ್ಲಿ ಎಲ್-ಒನ್. ಲ್ಯಾವೆಂಡರ್ ಪರಿಮಳದ ಮಣ್ಣು, ಚೀಲಕ್ಕೆ 10 ಕೆಜಿ, ಎರಡು ಚೀಲ ಕೊಂಡರೆ ರಿಯಾಯಿತಿ. ಕೊಂಡ ಮೇಲೆ ಪಶುವೈದ್ಯರು ಹೇಳಿದರು: ಪರಿಮಳ ಬೇಕಾಗಿರುವುದು ನಿಮಗೆ, ಬೆಕ್ಕಿನ ಮೂಗಿಗೆ ಅದು ಹಿಂಸೆ, ಅಷ್ಟೇ ಅಲ್ಲ, ಒದ್ದೆಯಾದರೆ ಗಟ್ಟಿಯಾಗಿ ಮುದ್ದೆಗಟ್ಟುವ ಈ ಮಣ್ಣನ್ನು ಎಳೆಯ ಮರಿಗಳು ನೆಕ್ಕಿ ನುಂಗಿಬಿಟ್ಟರೆ ಹೊಟ್ಟೆಯಲ್ಲೂ ಮುದ್ದೆಗಟ್ಟಬಹುದು, ಸದ್ಯಕ್ಕೆ ಮರದ ಹೊಟ್ಟಿನ ಉಂಡೆಯೋ ಕಾಗದದ್ದೋ ಸಾಕು. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ರಾಯರು ಷರಾ ಕಾಲಮ್ಮಿನಲ್ಲಿ 'ಸರ್ಪ್ಲಸ್' ಎಂದು ಬರೆದರು. ಅಷ್ಟು ಬರೆಯುವಾಗ ಅವರ ಕೈ ನಡುಗಿತೆಂದು ಮಗಳು ಹೇಳುತ್ತಾಳೆ.

ಆಹಾರದ ವಿಚಾರದಲ್ಲಿ ಅವರು ಎಚ್ಚರವಾಗಿದ್ದರು. ಎಲ್-ಒನ್ ಆಗಿ ಬಂದದ್ದು ನಾಯಿಯ ಆಹಾರ. ಅದನ್ನು ಟೆಕ್ನಿಕಲ್ ಬಿಡ್‌ನಲ್ಲೇ ತಿರಸ್ಕರಿಸಿದರು. ಬೆಕ್ಕಿಗೆ ಟಾರಿನ್ ಎಂಬ ಅಂಶ ಆಹಾರದಲ್ಲೇ ಸಿಗಬೇಕು, ಇಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ನಾಯಿಯ ಆಹಾರದಲ್ಲಿ ಅದು ಬೆಕ್ಕಿಗೆ ಬೇಕಾದಷ್ಟು ಇರಬೇಕೆಂಬ ನಿಯಮವಿಲ್ಲ. ಮರಿಗಳಿಗೆಂದೇ ಮಾಡಿದ್ದು ಬೇರೆ ಇದೆ, ಅದೇ ಬೇಕು.

"ನಮ್ಮನೆ ಬೆಕ್ಕು ಮೊಸರನ್ನ ತಿಂದೇ ಹದಿನಾಲ್ಕು ವರ್ಷ ಬದುಕಿತ್ತು" ಎಂದರು ಅಜ್ಜಿ.

"ಅದರ ಜೊತೆಗೆ ಇಲಿ, ಹಲ್ಲಿ ತಿಂತಿತ್ತಲ್ಲಜ್ಜಿ" ಎಂದಳು ಮೊಮ್ಮಗಳು.

"ಅದು ಅದರ ಸ್ವಂತ ಖರ್ಚು."

ಹಾಲೂ ಬೇಡ ಎಂದಾಗ ಅಜ್ಜಿಗೆ ನಿಜಕ್ಕೂ ಬೇಸರವಾಯಿತು. ತಾಯಿಹಾಲು ಬಿಟ್ಟ ಮೇಲೆ ಎಷ್ಟೋ ಬೆಕ್ಕುಗಳಿಗೆ ಹಸುವಿನ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ ಎಂದು ವೈದ್ಯರು ಹೇಳಿದ್ದರು. ತೆನಾಲಿ ರಾಮಕೃಷ್ಣ ಬೆಕ್ಕಿನ ಬಾಯಿ ಸುಟ್ಟು ಹಾಲು ಬಿಡಿಸಿದ ಕಥೆಯನ್ನು ಮಕ್ಕಳಿಗೆಲ್ಲ ಹೇಳಿದವರು ಅವರು. ಆ ವಿಕಟಕವಿ ಬೆಕ್ಕಿನ ಹೊಟ್ಟೆಯ ಮಟ್ಟಿಗಾದರೂ ಸರಿಯಾದ ಕೆಲಸ ಮಾಡಿದ್ದ ಎಂದು ಈ ವಯಸ್ಸಿನಲ್ಲಿ ಒಪ್ಪಿಕೊಳ್ಳುವುದು ಕಷ್ಟ.

ಈರುಳ್ಳಿ ಬೆಳ್ಳುಳ್ಳಿಯೂ ದಾಟದ ಅಡುಗೆಮನೆಗೆ ಮೀನಿನ ಡಬ್ಬಿ ಬರುವುದು ಹೇಗೆ? ಇದನ್ನು ಬಿಡಿಸಿದ್ದು ರಾಯರ ಹೆಂಡತಿ. ಡಬ್ಬಿ ಬಾಲ್ಕನಿಯಲ್ಲಿ ತೆರೆಯತಕ್ಕದ್ದು. ಅದಕ್ಕೊಂದು ಚಮಚ, ಆ ಚಮಚಕ್ಕೆ ಬಾಲ್ಕನಿಯ ಬಾಗಿಲು ದಾಟಲು ಅನುಮತಿಯಿಲ್ಲ. ಅಂದಹಾಗೆ ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೂ ವಿಷವೇ. ಈ ಒಂದು ವಿಷಯದಲ್ಲಿ ಅತ್ತೆ, ಸೊಸೆ, ಪಶುವೈದ್ಯಶಾಸ್ತ್ರ ಮೂವರೂ ಒಂದಾದರು.

ಬಾಲ್ಕನಿಗೆ ಬಲೆ ಹಾಕಿಸುವ ದಿನ ರಾಯರು ತಮ್ಮ ಶಕ್ತಿಯ ಶಿಖರದಲ್ಲಿದ್ದರು. ಪಾರಿವಾಳದ ನೈಲಾನ್ ಬಲೆ ಆಗಲೇ ಇತ್ತು. ಅದರ ಕಣ್ಣಿನ ಅಗಲವನ್ನು ಸ್ಕೇಲಿನಿಂದ ಅಳೆದು, ಮರಿಯ ತಲೆ ಅದರಲ್ಲಿ ತೂರುತ್ತದೆ, ತೂರದಿದ್ದರೆ ಹಲ್ಲಿನಿಂದ ಕಡಿಯುತ್ತದೆ ಎಂದು ವರದಿ ಬರೆದು ತಂತಿಯ ಜಾಲರಿ ಹಾಕಿಸಿದರು. ಅಪಾರ್ಟ್‌ಮೆಂಟ್ ಸಭೆಯಲ್ಲಿ ಯಾರೋ "ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ಬೀಳುತ್ತೆ ಸಾರ್" ಎಂದರು. ರಾಯರು ಕಾಯುತ್ತಿದ್ದದ್ದೇ ಇದಕ್ಕೆ. ನ್ಯೂಯಾರ್ಕಿನಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆ ಸೇರಿದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಪಶುವೈದ್ಯರು ವರದಿ ಮಾಡಿದ್ದಾರೆ, ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಬದುಕಿದವು ಎಂದು ಮಂಡಿಸಿದರು. ಸಭೆ ಚಪ್ಪಾಳೆ ತಟ್ಟಿತು. "ಅಂದ್ರೆ ಜಾಲರಿ ಬೇಕಾಗಿರಲಿಲ್ಲ ಅಂತೀರಾ?" ಎಂದರು ಹಿಂದಿನ ಸಾಲಿನಲ್ಲಿದ್ದ ಹೆಂಡತಿ. "ಉಳಿದ ಹತ್ತಕ್ಕೆ ಕಣೇ ಜಾಲರಿ!" ಎಂದರು ರಾಯರು. ನಾನು ಅವರನ್ನು ಎಷ್ಟೇ ಹಾಸ್ಯ ಮಾಡಲಿ, ಈ ಉತ್ತರಕ್ಕೆ ಎದುರಾಡಲಾರೆ. ಬೆಂಗಳೂರಿನಲ್ಲಿ ಮೂರನೇ ಮಹಡಿಗೆ ಬೆಕ್ಕು ತರುವವರು ಬೇರೇನೂ ಕೊಳ್ಳದಿದ್ದರೂ ಜಾಲರಿ ಹಾಕಿಸಲಿ.

ಮಿಕ್ಕ ಸಾಮಾನುಗಳು ಸರಸರ ಬಂದವು. ಮೇಲಿನಿಂದ ತೆರೆಯುವ ಪೆಟ್ಟಿಗೆ, ಏಕೆಂದರೆ ಡಾಕ್ಟರ ಹತ್ತಿರ ಮರಿಯನ್ನು ಮುಂದಿನ ಬಾಗಿಲಿನಿಂದ ಎಳೆಯುವುದು ಎರಡೂ ಕಡೆಯವರಿಗೆ ಗಾಯ. ಮೀಸೆ ತಾಗದಂಥ ಅಗಲದ ತಟ್ಟೆ. ಪೂರ್ತಿ ಮೈ ಚಾಚಿ ಉಗುರು ಕೆರೆಯುವಷ್ಟು ಎತ್ತರದ, ಹಗ್ಗ ಸುತ್ತಿದ ಕಂಬ. ಬೆಕ್ಕು ಆಟಿಕೆ ಬಿಟ್ಟು ಅದು ಬಂದ ರಟ್ಟಿನ ಡಬ್ಬದಲ್ಲೇ ಆಡುತ್ತದೆ ಎಂದು ನಾನು ಜಾಣತನ ತೋರಿಸಹೋದೆ. ರಾಯರು ಅಟ್ಟದ ಬಾಗಿಲು ತೆರೆದರು. ಡಬ್ಬಗಳೆಲ್ಲ ಅಳತೆವಾರು ಜೋಡಿಸಿ, ಮೇಲೆ ನಂಬರು ಬರೆದಿತ್ತು.

ಆದರೆ ಒಂದು ಪುಟ ಇಡೀ ಲೆಡ್ಜರಿನಲ್ಲಿ ಇರಲಿಲ್ಲ. ಸ್ಟೋರ್ಸ್ ರಾಯರಿಗೆ ಗೊತ್ತಿರುವುದು ಆವಕ. ಮನೆಯಿಂದ ಹೊರಗೆ ಹೋಗಬೇಕಾದ್ದಕ್ಕೆ ಅವರ ಹತ್ತಿರ ಫಾರಂ ಇಲ್ಲ. ಮರಿ ಬರುವ ಮುಂಚಿನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ನೆಲ ಒರೆಸುವ ಫಿನೈಲು: ಅದರಲ್ಲಿರುವ ಫೀನಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ, ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಹೊಟ್ಟೆಗೆ ಹೋಯಿತು. ಸೀರೆಗಳ ಮಧ್ಯದ ನುಸಿಗುಳಿಗೆ. ಟೇಬಲ್ಲಿನ ಮೇಲೆ ಯಾವಾಗಲೂ ಬಿದ್ದಿರುವ ಪ್ಯಾರಾಸಿಟಮಾಲ್: ನಮಗೆ ಜ್ವರದ ಮಾತ್ರೆ, ಬೆಕ್ಕಿಗೆ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಹೂದಾನಿಯ ಲಿಲ್ಲಿ ಹೂವಂತೂ ಎಲೆಯಿಂದ ಪರಾಗದವರೆಗೆ ಮೂತ್ರಪಿಂಡ ಕೆಡಿಸುವಂಥದ್ದು. ಹೊಲಿಗೆ ಡಬ್ಬಿಯ ದಾರ, ರಬ್ಬರ್ ಬ್ಯಾಂಡು, ಹೂ ಕಟ್ಟುವ ನೂಲು ನುಂಗಿದರೆ ಕರುಳನ್ನೇ ನೆರಿಗೆ ಹಿಡಿಸುತ್ತವೆ. ಇವನ್ನೆಲ್ಲ ರಾಯರ ಹೆಂಡತಿ ಒಂದು ಮಧ್ಯಾಹ್ನ, ರಾಯರು ನಿದ್ದೆಯಲ್ಲಿದ್ದಾಗ, ಯಾವ ಪಟ್ಟಿಯೂ ಇಲ್ಲದೆ ಮುಗಿಸಿದರು. ಫಿನೈಲಿನ ಬಾಟಲು ಖಾಲಿಯಾಗದೆ ಹೊರಹೋಯಿತಲ್ಲ ಎಂದು ಎದ್ದ ಮೇಲೆ ರಾಯರು ಅರ್ಧ ದಿನ ಮಾತಾಡಲಿಲ್ಲ.

ಮರಿಗಳು ಬಂದ ದಿನ ರಾಯರು ಬಾಗಿಲಲ್ಲೇ ಪೆಟ್ಟಿಗೆ ತಡೆದು ತಪಾಸಣೆ ನಡೆಸಿದರು. ಕಣ್ಣು ಶುದ್ಧ, ಕಿವಿ ಶುದ್ಧ. ಅಡುಗೆಮನೆಯ ತಕ್ಕಡಿಗೆ ಪೇಪರು ಹಾಸಿ ತೂಕ ಬರೆದುಕೊಂಡರು. ಚುಚ್ಚುಮದ್ದಿನ ವೇಳಾಪಟ್ಟಿ ಮೊದಲೇ ಗೋಡೆಗೇರಿತ್ತು: ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ, 12 ವಾರಕ್ಕೆ ರೇಬೀಸ್. ಇದನ್ನವರು ಎಎಂಸಿ ಎನ್ನುತ್ತಾರೆ. ಎರಡು ಮರಿಗಳನ್ನು ಎತ್ತಿ ಕೆಳಗಿಟ್ಟು, ಸಹಿ ಹಾಕಲು ಪೆನ್ನು ತೆಗೆದರು. ಪೆಟ್ಟಿಗೆಯ ಮೂಲೆಯಲ್ಲಿದ್ದ ಬಟ್ಟೆ ಅಲುಗಿತು. ಬಸವನಗುಡಿಯ ಆಂಟಿ ಮೂರನೆಯದೊಂದನ್ನು ಸೇರಿಸಿ ಕಳಿಸಿದ್ದರು.

"ಇದಕ್ಕೆ ಇಂಡೆಂಟ್ ಇಲ್ಲ" ಎಂದರು ರಾಯರು.

"ಹಂಗಂತ ಅದಕ್ಕೆ ಹೇಳಿ" ಎಂದರು ಹೆಂಡತಿ.

ಹೆಚ್ಚುವರಿ ಸರಬರಾಜು ಬಂದರೆ ವಾಪಸು ಕಳಿಸುವುದು ನಿಯಮ. ಆದರೆ ಜಾವಕಕ್ಕೆ ಫಾರಂ ಇಲ್ಲವಲ್ಲ. ಮೂರನೆಯ ಮರಿ ರಾಯರ ಶರ್ಟು ಹತ್ತಿ ಕೆಂಪು ಪೆನ್ನಿನ ಕ್ಲಿಪ್ಪು ಕಚ್ಚುತ್ತಿರುವಾಗಲೇ ಅವರು ಲೆಡ್ಜರಿನಲ್ಲಿ 'ಉಚಿತ, ಒಂದು' ಎಂದು ಬರೆದುಕೊಂಡರು. ಮರುಕ್ಷಣವೇ ಲೆಕ್ಕ ಹೊಳೆದು ಮುಖ ಕಪ್ಪಿಟ್ಟಿತು. ಮೂರು ಬೆಕ್ಕು ಎಂದರೆ ನಾಲ್ಕು ಟ್ರೇ. ನಾಲ್ಕನೆಯ ಟ್ರೇ ಈಗ ಅಜ್ಜಿಯ ಕೋಣೆಯಲ್ಲಿದೆ. ಮೂರೂ ಮರಿಗಳು ಉಳಿದ ಮೂರನ್ನು ಬಿಟ್ಟು ಅದಕ್ಕೇ ಹೋಗುತ್ತವೆ. ಊರ ಬೆಕ್ಕಿನ ಬುದ್ಧಿ ಊರವರನ್ನು ಗುರುತಿಸುತ್ತದೆ ಎಂದು ಅಜ್ಜಿಯ ಹೆಮ್ಮೆ.

ಲ್ಯಾವೆಂಡರ್ ಪರಿಮಳದ ಮಣ್ಣು, 10 ಕೆಜಿಯ ಎರಡು ಚೀಲ, ಸೀಲು ಒಡೆಯದ್ದು, ಇನ್ನೂ ರಾಯರ ಮಂಚದ ಕೆಳಗಿದೆ. ಸುಮ್ಮನೆ ಯಾರಿಗಾದರೂ ಕೊಟ್ಟುಬಿಡಿ ಎಂದು ಹೇಳಿ ನೋಡಿದ್ದೇವೆ, ಸ್ಟೋರ್ಸಿನಿಂದ ಏನೂ ಸುಮ್ಮನೆ ಹೋಗುವುದಿಲ್ಲವಂತೆ. ಬೆಳೆದ, ಮೂಗು ಅಷ್ಟು ಚುರುಕಿಲ್ಲದ ಬೆಕ್ಕಿರುವ ಓದುಗರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ. ದರವನ್ನು ಮುಚ್ಚಿದ ಲಕೋಟೆಯಲ್ಲಿ ತರಬೇಕು. ಜೊತೆಗೆ ಇನ್ನಿಬ್ಬರನ್ನೂ ಕರೆತನ್ನಿ, ಒಂದೇ ಟೆಂಡರು ಬಂದರೆ ರಾಯರು ರದ್ದು ಮಾಡುತ್ತಾರೆ.